ದೊರೆ ನೋಡಿರದ ದೊರೆಯ ಮುಖ

ಅರಮನೆಯ ಕ್ಷೌರಿಕನನ್ನು ಊರೆಲ್ಲ ಬೆಣ್ಣೆಕೈ ಅಂತಲೇ ಕರೆಯುತ್ತಿತ್ತು. ಅವನ ಕತ್ತಿ ಕೆನ್ನೆಯ ಮೇಲೆ ಹಾದುಹೋದದ್ದು ಕೆನ್ನೆಗೇ ತಿಳಿಯುತ್ತಿರಲಿಲ್ಲ. ದೊರೆ ಎಷ್ಟೋ ಸಲ ಕ್ಷೌರದ ಪೀಠದಲ್ಲಿ ಕೂತಲ್ಲೇ ತೂಕಡಿಸಿ, ಎಲ್ಲ ಮುಗಿದ ಮೇಲೆ ಕಣ್ಣು ಬಿಟ್ಟು, "ಇನ್ನೂ ಶುರು ಮಾಡಿಲ್ವೇನೋ?" ಅಂತ ಕೇಳಿದ್ದುಂಟು. ಹೆಂಡತಿ ಮಾತ್ರ ಆ ಹೆಸರನ್ನು ಒಪ್ಪಿರಲಿಲ್ಲ. "ಅರಮನೇಲಿ ಬೆಣ್ಣೆಕೈ, ಮನೇಲಿ ಬೆಣ್ಣೆ ಹಚ್ಚಿದ ಕೈ. ಕೊಟ್ಟಿದ್ದೆಲ್ಲ ಜಾರಿ ಕೆಳಗೆ ಬೀಳುತ್ತೆ," ಅನ್ನುತ್ತಿದ್ದಳು. ಅದೂ ಸುಳ್ಳಲ್ಲ. ಆ ಮನೆಯಲ್ಲಿ ಅಂಚು ಮುರಿಯದ ಮಣ್ಣಿನ ಲೋಟವೇ ಇರಲಿಲ್ಲ.

ಒಂದು ಸಂಜೆ ಅವನು ಬಾಗಿಲ ಬಳಿ ಕೂತು ಕತ್ತಿಗಳನ್ನು ಮಸೆಯುತ್ತಿದ್ದಾಗ ಅರಮನೆಯ ಚಿತ್ರಶಾಲೆಯಿಂದ ಒಬ್ಬ ಚಿತ್ರಗಾರ ಬಂದು ನಿಂತ. ಮೂವತ್ತು ದಾಟಿದವನು, ಬಡಕಲು ಮೈ, ಬೆರಳ ಸಂದಿಯಲ್ಲೆಲ್ಲ ಬಣ್ಣ. ಇಬ್ಬರಿಗೂ ಮುಖಪರಿಚಯ ಇತ್ತು, ಮಾತುಕತೆ ಅಷ್ಟಾಗಿ ಇರಲಿಲ್ಲ.

ಚಿತ್ರಶಾಲೆಯಲ್ಲಿ ಅಂಗೈಯಗಲದ ಒಂದು ಚಿತ್ರಕ್ಕೂ ನಾಲ್ಕಾರು ಕೈ ಸೇರುತ್ತಿದ್ದವು. ಒಬ್ಬ ಗೆರೆ ಹಾಕುವನು, ಇನ್ನೊಬ್ಬ ಗಿಡಮರ ಮೋಡಗಳನ್ನು ತುಂಬುವನು, ಉಡುಪಿಗೆ ಒಬ್ಬ, ಒಡವೆಗೆ ಬಂಗಾರ ಹಚ್ಚಲು ಮತ್ತೊಬ್ಬ. ಎಲ್ಲ ಮುಗಿದು ಮುಖದ ಜಾಗ ಮಾತ್ರ ಬೆಳ್ಳಗೆ ಉಳಿದ ಹಾಳೆ ಕೊನೆಗೆ ಒಬ್ಬನ ಮುಂದೆ ಬರುತ್ತಿತ್ತು. ಅವನಿಗೆ 'ಮುಖದವನು' ಅಂತ ಹೆಸರು. ಈ ಚಿತ್ರಗಾರನ ಸೋದರಮಾವ ಬಹಳ ಕಾಲ ಆ ಕೆಲಸ ಮಾಡಿದ್ದ. ಮುದುಕನ ಕಣ್ಣಿಗೆ ಪೊರೆ ಬಂದ ಮೇಲೆ ಕೆಲಸವೂ ಹೆಸರೂ ಒಟ್ಟಿಗೆ ಅಳಿಯನ ಪಾಲಿಗೆ ಬಂದಿದ್ದವು.

"ಅಣ್ಣಾ, ಒಂದು ಮಾತು ಕೇಳ್ಬೇಕಿತ್ತು. ನಗಬಾರದು," ಅಂದ ಮುಖದವನು. "ದೊರೆಗಳ ಕಿವಿಯ ಹಾಲೆ ಕೆನ್ನೆಗೆ ಅಂಟಿಕೊಂಡಿದ್ಯಾ, ಬಿಡಿಯಾಗಿ ನೇತಾಡುತ್ತಾ?"

ಬೆಣ್ಣೆಕೈ ನಕ್ಕೇಬಿಟ್ಟ. "ನನ್ನನ್ನ ಕೇಳ್ತೀಯಾ? ದೊರೆಗಳಿಗೆ ಮೀಸೆ ಚಿಗುರಿದಾಗಿನಿಂದ ಆ ಕಿವೀನ ಹಿಡಿದು ಮಡಚೋನು ನಾನು ತಾನೆ?"

"ಅದಕ್ಕೇ ನಿನ್ನ ಹತ್ರ ಬಂದದ್ದು."

ಬೆಣ್ಣೆಕೈ ಹೇಳಲು ಬಾಯಿ ತೆರೆದ. ತೆರೆದ ಬಾಯಿ ಹಾಗೇ ಉಳಿಯಿತು. ಬೆರಳುಗಳು ಗಾಳಿಯಲ್ಲೇ ಒಂದು ಕಿವಿಯನ್ನು ಹಿಡಿದವು, ಹಗುರವಾಗಿ ಮುಂದಕ್ಕೆ ಮಡಚಿದವು, ಬಿಟ್ಟವು. ಬೆರಳಿಗೆ ಎಲ್ಲ ಗೊತ್ತಿತ್ತು. ಕಣ್ಣಿಗೆ ಮಾತ್ರ ಏನೂ ಕಾಣಲಿಲ್ಲ.

"ಹೋಗಲಿ, ಮೂಗು ಹೇಗಿದೆ?"

"ಮೂಗು... ಮೂಗಿನ ಹಾಗೇ ಇದೆ."

ಒಳಗಿನಿಂದ ಹೆಂಡತಿ ಕಿಸಕ್ಕನೆ ನಕ್ಕದ್ದು ಕೇಳಿಸಿತು. ಬೆಣ್ಣೆಕೈಗೆ ಸ್ವಲ್ಪ ಸಿಟ್ಟು ಬಂತು. "ಈಗ ಯಾಕಪ್ಪ ನಿಂಗೆ ದೊರೆಗಳ ಕಿವಿ ಮೂಗು?"

ಮುಖದವನು ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತ. "ಪಕ್ಕದ ದೇಶದ ಅರಸನಿಗೆ ಕಳಿಸೋಕೆ ದೊರೆಗಳ ಚಿತ್ರ ಆಗ್ತಾ ಇದೆ. ಎಲ್ಲಾ ಆಗಿದೆ, ಮುಖ ಒಂದು ಬಿಟ್ಟು. ಮಾವ ಒಂದು ಚರ್ಮದ ಹಾಳೆ ಕೊಟ್ಟಿದ್ದಾರೆ, ಈರುಳ್ಳಿ ಸಿಪ್ಪೆಯಷ್ಟು ತೆಳು. ಅದರಲ್ಲಿ ಮುಖದ ಗೆರೆ ಉದ್ದಕ್ಕೂ ಸೂಜೀಲಿ ತೂತು ಚುಚ್ಚಿದೆ. ಕಾಗದದ ಮೇಲಿಟ್ಟು ಇದ್ದಿಲ ಪುಡಿ ತಟ್ಟಿದ್ರೆ ಸಾಕು, ಮುಖ ಇಳಿಯುತ್ತೆ. ಮಾವ ಯಾವಾಗ್ಲೂ ಹಾಗೇ ಮಾಡ್ತಿದ್ದದ್ದು. ನಾನೂ ತಟ್ಟಿದೆ, ಇಳೀತು. ಆದ್ರೆ ಅಣ್ಣಾ, ಅದು ನಮ್ಮ ದೊರೆಗಳ ಹಾಗೆ ಕಾಣಲ್ಲ."

"ನೀನು ಅವರನ್ನ ನೋಡಿದ್ದೀಯಲ್ಲ."

"ಎಲ್ಲಿ ನೋಡೋದು? ಸಭೇಲಿ ನಾವು ನಿಲ್ಲೋದು ಕೊನೇ ಕಂಬದ ಹಿಂದೆ. ತಲೆ ಎತ್ತಿ ದಿಟ್ಟಿಸಿದ್ರೆ ಕಾವಲಿನೋನು ಪಕ್ಕೆಗೆ ತಿವೀತಾನೆ. ಪೇಟ ಕಾಣುತ್ತೆ, ಹಾರ ಕಾಣುತ್ತೆ, ಅಷ್ಟೇ. ಅಷ್ಟು ದೂರದಿಂದ್ಲೂ ಏನೋ ತಾಳೆ ಆಗಲ್ಲ ಅನ್ಸುತ್ತೆ."

"ನಾಳೆ ನೋಡಿ ಹೇಳ್ತೀನಿ," ಅಂದು ಬೆಣ್ಣೆಕೈ ಅವನನ್ನು ಕಳಿಸಿಕೊಟ್ಟ. ಊಟಕ್ಕೆ ಕೂತಾಗ ಹೆಂಡತಿ ಎರಡೂ ಅಂಗೈಯಲ್ಲಿ ಕಿವಿ ಮುಚ್ಚಿಕೊಂಡು ಎದುರು ಬಂದು ನಿಂತಳು. "ನನ್ನದು ಹೇಗಿದೆ ಹೇಳಿ, ನೋಡೋಣ." ಅವನು ತಟ್ಟೆಯಿಂದ ತಲೆಯನ್ನೇ ಎತ್ತಲಿಲ್ಲ.

ಮರುದಿನ ಬೆಳಿಗ್ಗೆ ಅವನು ಎಂದಿನಂತೆ ಬಿಸಿನೀರು, ನೊರೆಯ ಬಟ್ಟಲು, ಕತ್ತಿ ಎಲ್ಲ ಜೋಡಿಸಿಟ್ಟ. ದೊರೆ ಬಂದು ಕೂತ. ಇನ್ನೂ ತರುಣ, ಮದುವೆಯಾಗಿ ಕೆಲವೇ ವರ್ಷ ಆಗಿತ್ತು. ಕಿಟಕಿಯ ಬೆಳಕು ಅವನ ಬಲಗೆನ್ನೆಯ ಮೇಲೆ ಬೀಳುತ್ತಿತ್ತು. ಬೆಣ್ಣೆಕೈ ಕೆಲಸ ಶುರು ಮಾಡಿದ. ಗಲ್ಲ ಮುಗಿಸಿ ಕಿವಿಯ ಬಳಿ ಬಂದಾಗ ಮೊದಲ ಬಾರಿಗೆ ನಿಂತು ನೋಡಿದ. ಹಾಲೆ ಕೆನ್ನೆಗೆ ಅಂಟಿಕೊಂಡಿತ್ತು. ಅದರ ಮೇಲೆ ಎಳೆಗೂಸಿನ ಮೈಯಲ್ಲಿರುವಂಥ ಸಣ್ಣ ಬಂಗಾರದ ಕೂದಲು. ಕಿವಿಯ ಅಂಚು ಒಂದು ಕಡೆ ಕಚ್ಚಿ ತೆಗೆದ ಹಾಗೆ ಒಳಕ್ಕೆ ಬಾಗಿತ್ತು. ಇಷ್ಟು ವರ್ಷ ಇದೆಲ್ಲ ಇಲ್ಲೇ ಇತ್ತೇ ಅಂತ ಅಚ್ಚರಿಪಡುತ್ತ ಅವನು ಮೂಗಿನ ಕಡೆ ಕಣ್ಣು ಹೊರಳಿಸಿದ. ಕಣ್ಣು ಹೋದ ಕಡೆ ಕೈಯೂ ಹೋಯಿತು.

ಕಿವಿಯ ಕೆಳಗೆ ಒಂದು ಕೆಂಪು ಹನಿ ಮೂಡಿತು.

ಬೆಣ್ಣೆಕೈ ಗಡಿಬಿಡಿಯಲ್ಲಿ ಕತ್ತಿ ಕೆಳಗಿಟ್ಟ. ಪಟಿಕದ ಹರಳನ್ನು ನೀರಿಗೆ ಅದ್ದಿ ಗಾಯಕ್ಕೆ ಒತ್ತಿದ. ದೊರೆ ನಿದ್ದೆಯಿಂದ ಎಚ್ಚೆತ್ತು ಬೆರಳಿನಿಂದ ಮುಟ್ಟಿ ನೋಡಿಕೊಂಡ.

"ಏನೋ ಇದು? ನೀನು ಗಾಯ ಮಾಡೋದೂ ಉಂಟಾ?"

"ತಪ್ಪಾಯ್ತು ಮಹಾಸ್ವಾಮಿ. ಕಿವಿ ನೋಡ್ತಾ ಇದ್ದೆ."

"ಕಿವಿಯಲ್ಲಿ ನೋಡೋಕೆ ಏನಿದೆ?"

ಸುಳ್ಳು ಹೇಳಲು ಅವನಿಗೆ ತೋಚಲಿಲ್ಲ. "ಹಾಲೆ ಅಂಟಿಕೊಂಡಿದ್ಯೋ ಬಿಡಿಯಾಗಿದ್ಯೋ ಅಂತ ಒಬ್ಬರು ಕೇಳಿದ್ರು. ದಿನಾ ಮುಟ್ಟೋ ನನಗೆ ಹೇಳೋಕಾಗ್ಲಿಲ್ಲ. ನಾಚಿಕೆ ಆಯ್ತು. ಅದಕ್ಕೇ ನೋಡ್ದೆ."

ಬೈಗುಳಕ್ಕೆ ಕಾದು ತಲೆ ತಗ್ಗಿಸಿ ನಿಂತ. ದೊರೆ ಒಂದು ಕಿವಿಯನ್ನು ಸವರಿಕೊಂಡ, ಆಮೇಲೆ ಇನ್ನೊಂದನ್ನು. "ಅಂಟಿಕೊಂಡಿದೆ," ಅಂದ. "ನನಗೂ ಗೊತ್ತಿರಲಿಲ್ಲ." ಕನ್ನಡಿಯ ಕಡೆ ತಿರುಗಿ, "ಅಲ್ವೋ, ಪಕ್ಕದಿಂದ ನಾನು ಹೇಗೆ ಕಾಣ್ತೀನಿ?" ಅಂತ ಕೇಳಿದ.

"ಚಿತ್ರಗಳಲ್ಲಿ ಇದೆಯಲ್ಲ ಮಹಾಸ್ವಾಮಿ."

"ಅದೇ ನಾನು ಹೇಳ್ತಿರೋದು. ಚಿತ್ರದಲ್ಲೆಲ್ಲ ಪಕ್ಕದ ಮುಖಾನೇ ಬರೀತಾರೆ. ಕನ್ನಡೀಲಿ ನೋಡಿದ್ರೆ ಎದುರು ಮುಖ ಮಾತ್ರ ಕಾಣುತ್ತೆ. ಹಾಗಾದ್ರೆ ಆ ಚಿತ್ರದಲ್ಲಿರೋನು ನಾನೇ ಅಂತ ನನಗೆ ಹೇಗೆ ಗೊತ್ತು? ಎಲ್ಲರೂ ಹೌದು ಅಂತಾರೆ, ನಾನೂ ಹೌದು ಅಂದುಕೊಂಡಿದ್ದೀನಿ."

ಬೆಣ್ಣೆಕೈಯ ಭಯ ಅರ್ಧ ಇಳಿಯಿತು, ಆ ಜಾಗಕ್ಕೆ ಕುತೂಹಲ ಬಂದು ಕೂತಿತು. ಪೆಟ್ಟಿಗೆಯಲ್ಲಿ ಅವನ ಕೈಗನ್ನಡಿ ಇತ್ತು. ಗೋಡೆಗೆ ಒರಗಿಸಿಟ್ಟಿದ್ದ ದೊಡ್ಡ ಕನ್ನಡಿಯನ್ನು ದೊರೆಯ ಬಲಕ್ಕೆ ಸರಿಸಿ, ಚಿಕ್ಕದನ್ನು ಮುಂದೆ ಹಿಡಿದ. ಮೊದಲು ಛಾವಣಿ ಕಂಡಿತು. ಓರೆ ಮಾಡಿದಾಗ ಬೆಣ್ಣೆಕೈಯ ಹೊಟ್ಟೆ ಕಂಡಿತು. "ಇದಂತೂ ನಾನಲ್ಲ," ಅಂದ ದೊರೆ. ಇನ್ನೊಂದಿಷ್ಟು ತಿರುಗಿಸಿದಾಗ ಒಂದು ಕಿವಿ, ಕಿವಿಯ ಹಿಂದೆ ಕತ್ತು, ಕೊನೆಗೆ ಹಣೆಯಿಂದ ಗದ್ದದವರೆಗೆ ಇಡೀ ಪಕ್ಕದ ಮುಖ ಕನ್ನಡಿಯೊಳಗೆ ಬಂದು ನಿಂತಿತು.

ದೊರೆ ಉಸಿರಾಡಿದನೋ ಇಲ್ಲವೋ. ಮೂಗು ಗಿಡ್ಡ, ತುದಿ ತುಸು ಮೇಲಕ್ಕೆ ಎದ್ದದ್ದು. ಗದ್ದ ಹಿಂದಕ್ಕೆ ಜಾರಿದ ಹಾಗಿತ್ತು. ಕೆಳತುಟಿ ಏನೋ ಕೇಳಲು ಹೊರಟಂತೆ ಮುಂದೆ ಬಂದಿತ್ತು.

"ಯಾರೋ ಇವನು?" ಅಂದ ಮೆಲ್ಲಗೆ.

ಆಮೇಲೆ ಸೇವಕನನ್ನು ಕೂಗಿ ತನ್ನ ಚಿತ್ರವೊಂದನ್ನು ತರಿಸಿದ. ಅದರಲ್ಲಿದ್ದ ದೊರೆಗೆ ಹದ್ದಿನ ಕೊಕ್ಕಿನಂಥ ಮೂಗು, ಮುಂದೆ ಚಾಚಿದ ಗದ್ದ, ತಲೆಯ ಸುತ್ತ ಬಂಗಾರದ ಬೆಳಕಿನ ಬಳೆ, ಕೈಯಲ್ಲಿ ಒಂದು ಹೂವು. ಹೂವನ್ನು ಕೂಡ ಅವನು ಗದರಿಸಿ ಅರಳಿಸಿದಂತಿತ್ತು. ದೊರೆ ಅದನ್ನು ಒಮ್ಮೆ, ಕನ್ನಡಿಯನ್ನು ಒಮ್ಮೆ ನೋಡಿ, ತನ್ನ ತಂದೆಯ ಚಿತ್ರವನ್ನೂ ತರಿಸಿ ಎರಡನ್ನೂ ಅಕ್ಕಪಕ್ಕ ಇಟ್ಟ. ಮೀಸೆ ಬೇರೆ, ಪೇಟದ ಬಣ್ಣ ಬೇರೆ. ಮುಖದ ಗೆರೆ ಮಾತ್ರ ಒಂದೇ.

"ಕಿವಿ ಬಗ್ಗೆ ಕೇಳಿದೋರು ಯಾರು?"

ಬೆಣ್ಣೆಕೈ ಕನ್ನಡಿ ಕೆಳಗಿಟ್ಟ. "ಚಿತ್ರಶಾಲೆಯ ಮುಖದವನು, ಮಹಾಸ್ವಾಮಿ. ಅವನಿಗೂ ಅನುಮಾನ ಇತ್ತು. ಸರಿಯಾಗಿ ಬರೀಬೇಕು ಅಂತ ಆಸೆ, ಬೇರೇನಿಲ್ಲ."

ಮುಖದವನಿಗೆ ಕರೆ ಹೋಯಿತು. ಒಳಗೆ ಬಂದವನು ಬೆಣ್ಣೆಕೈಯನ್ನು ನೋಡಿದ ನೋಟದಲ್ಲಿ, ನಿನ್ನ ನಂಬಿ ಕೆಟ್ಟೆ ಅನ್ನುವುದು ಬರೆದಿಟ್ಟ ಹಾಗೆ ಕಾಣುತ್ತಿತ್ತು. ಚರ್ಮದ ಹಾಳೆಯ ವಿಚಾರ ಮುಚ್ಚಿಡದೆ ಹೇಳಿ, ನೆಲ ನೋಡುತ್ತ ನಿಂತ. ದೊರೆ ಎರಡೂ ಚಿತ್ರಗಳನ್ನು ಮತ್ತೊಮ್ಮೆ ನೋಡಿದ. ಆಮೇಲೆ ಅವನ ಭುಜ ಕುಲುಕತೊಡಗಿತು. ಇಬ್ಬರೂ ಹೆದರಿದರು. ದೊರೆ ನಗುತ್ತಿದ್ದ.

"ಮದುವೆಗೆ ಮುಂಚೆ ರಾಣಿಗೆ ಕಳಿಸಿದ್ದೂ ಇದೇ ಮುಖ ಅಲ್ವೇನ್ರೋ? ಮೊದಲ ಸಲ ಎದುರು ನಿಂತಾಗ ಅವಳು ನನ್ನನ್ನ ನೋಡಿ, ನನ್ನ ಬೆನ್ನ ಹಿಂದೆ ಇನ್ಯಾರಾದ್ರೂ ಇದ್ದಾರಾ ಅಂತ ಇಣುಕಿ ನೋಡಿದ್ಲು. ಯಾಕೆ ಅಂತ ಇವತ್ತು ಗೊತ್ತಾಯ್ತು." ನಗು ನಿಂತ ಮೇಲೆ ಅವನು ಗಂಭೀರನಾದ. "ನಿನ್ನ ಮಾವ ಹೀಗೆ ಯಾಕೆ ಮಾಡಿದ, ಕೇಳಿಕೊಂಡು ಬಾ. ಶಿಕ್ಷೆ ಏನಿಲ್ಲ. ನನಗೆ ತಿಳೀಬೇಕು ಅಷ್ಟೇ."

ಆ ಸಂಜೆ ಮುಖದವನು ಒಬ್ಬನೇ ಹೋಗಲು ಒಪ್ಪಲಿಲ್ಲ. "ಬೆಂಕಿ ಹಚ್ಚಿದೋನು ನೀನು. ಜೊತೇಲಿ ಬಾ," ಅಂದ. ಬೆಣ್ಣೆಕೈಗೂ ಹೋಗದೆ ಇರಲು ಆಗುತ್ತಿರಲಿಲ್ಲ. ಬೆಳಿಗ್ಗೆಯಿಂದ ಅದೇ ಪ್ರಶ್ನೆ ತಲೆ ಕೊರೆಯುತ್ತಿತ್ತು.

ಮುದುಕ ಮಾವ ಹಿತ್ತಲಿನ ಬಿಸಿಲಲ್ಲಿ ಕೂತು, ಅಳಿಲಿನ ಬಾಲದ ಕೂದಲನ್ನು ಬೆರಳಲ್ಲೇ ತಡವಿ ಆರಿಸಿ ಕುಂಚ ಕಟ್ಟುತ್ತಿದ್ದ. ಕಣ್ಣು ಮಂಜಾಗಿದ್ದರೂ ಬೆರಳು ಚುರುಕಾಗಿತ್ತು. ಅಳಿಯ ನಡೆದದ್ದನ್ನು ಹೇಳಿದಾಗ ಅವನು ಗಾಬರಿಯಾಗಲಿಲ್ಲ.

"ಇಷ್ಟು ದಿನ ಬೇಕಾಯ್ತಾ ಅವರಿಗೆ," ಅಂದ.

"ಯಾಕೆ ಮಾವ ಹಾಗೆ ಮಾಡಿದ್ರಿ?"

"ದೊಡ್ಡ ದೊರೆ ಇದ್ದಕ್ಕಿದ್ದ ಹಾಗೆ ತೀರಿಕೊಂಡ್ರು. ಇವರಿನ್ನೂ ಹಸುಗೂಸಿನ ಮುಖದ ಹುಡುಗ. ಪಟ್ಟದ ಚಿತ್ರ ಮಾಡು ಅಂದ್ರು. ನಾನು ಮೊದಲು ಇವರ ಮುಖವನ್ನೇ ಬರೆದೆ. ಮಂತ್ರಿಗಳು, ದಳಪತಿಗಳು ನೋಡಿದ್ರು. ಯಾರೂ ಮಾತಾಡ್ಲಿಲ್ಲ. ಮಗು ಕಿರೀಟ ಕದ್ದು ಹಾಕಿಕೊಂಡ ಹಾಗಿತ್ತು. ಆಮೇಲೆ ಹಳೇ ಹಾಳೆ ತೆಗೆದು ತಂದೆಯ ಗೆರೆ ಇಳಿಸಿ, ಮೀಸೆ ಚಿಕ್ಕದು ಮಾಡಿ ತೋರಿಸ್ದೆ. ಎಲ್ಲರೂ ತಲೆ ಬಾಗಿಸಿದ್ರು. ಜನ ಅವತ್ತು ದೊಡ್ಡ ದೊರೇನ ಹುಡುಕ್ತಾ ಇದ್ರು. ನಾನು ಹುಡುಕಿ ಕೊಟ್ಟೆ."

"ಆಮೇಲಾದ್ರೂ ಬದಲಾಯಿಸಬಹುದಿತ್ತಲ್ಲ ಯಜಮಾನ್ರೇ," ಅಂದ ಬೆಣ್ಣೆಕೈ.

"ಯಾವ ವರ್ಷ ಬದಲಾಯಿಸೋದಪ್ಪ? ನಿನ್ನೆವರೆಗೆ ಕೊಕ್ಕಿನ ಮೂಗು, ಇವತ್ತು ಮೊಂಡು ಮೂಗು ಅಂದ್ರೆ ಹೊರದೇಶದೋರು ಏನಂದ್ಕೋತಾರೆ? ದೊರೆ ಬದಲಾದ್ರು ಅಂದ್ಕೋತಾರೆ."

ಮುದುಕನ ಮಾತನ್ನು ಅವರು ದೊರೆಗೆ ಹಾಗೇ ಒಪ್ಪಿಸಿದರು. ಮೊಂಡು ಮೂಗು ಅನ್ನುವ ಮಾತು ಬಂದಾಗ ಮುಖದವನು ಕೆಮ್ಮಿ ದಾಟಿಸಲು ನೋಡಿದ, ಬೆಣ್ಣೆಕೈ ಬಾಯಿ ಜಾರಿ ಅದನ್ನೂ ಹೇಳಿಬಿಟ್ಟ. ದೊರೆ ಯೋಚಿಸಿ ಹೇಳಿದ: "ಹೊರದೇಶಕ್ಕೆ ಹೋಗೋ ಚಿತ್ರದಲ್ಲಿ ಅಪ್ಪನೇ ಇರಲಿ. ಅವರಿಗೆ ಹೆದರಿಸೋ ಮುಖ ಬೇಕು, ನನಗೂ ಅನುಕೂಲವೇ. ಆದ್ರೆ ನನ್ನದು ಅಂತ ಒಂದು ಮಾಡು. ಬೆಳಿಗ್ಗೆ ಇವನು ಕತ್ತಿ ಹಿಡಿದಿರೋ ಹೊತ್ತಲ್ಲಿ ಬಂದು ಕೂತ್ಕೋ."

ಕೆಲಸ ಅಂದುಕೊಂಡಷ್ಟು ಸುಲಭವಾಗಲಿಲ್ಲ. ದೊರೆಗೆ ಸುಮ್ಮನೆ ಕೂತು ಅಭ್ಯಾಸವಿರಲಿಲ್ಲ. ಮುಖದವನು ಉಸಿರು ಬಿಗಿಹಿಡಿದು ಒಂದೇ ಕೂದಲಿನ ಕುಂಚವನ್ನು ಹಾಳೆಗೆ ತಾಗಿಸುವ ಹೊತ್ತಿಗೆ ಸರಿಯಾಗಿ, "ಎಲ್ಲಿವರೆಗೆ ಬಂತೋ?" ಅಂತ ಇತ್ತ ತಿರುಗುತ್ತಿದ್ದ. ಮೊದಲ ದಿನ ಹಾಳೆಯ ಮೇಲೆ ಮೂರು ಮೂಗು, ಒಂದೂ ಬಾಯಿಲ್ಲ. ಕೊನೆಗೆ ಬೆಣ್ಣೆಕೈ ಕತ್ತಿ ಕೆಳಗಿಟ್ಟು ಎರಡು ಬೆರಳಿನಿಂದ ಗದ್ದವನ್ನು ಹಿಡಿದು, ಹೆಬ್ಬೆರಳಿನಿಂದ ಕಿವಿಯ ಹಿಂದೆ ಮೆಲ್ಲಗೆ ಒತ್ತಿದ. ತಲೆ ಹೇಳಿದ ಕಡೆ ನಿಂತಿತು. ದೊರೆಯ ಕಣ್ಣು ಅರ್ಧ ಮುಚ್ಚಿತು. "ಹಾಗೇ ಇರಲಿ," ಅಂದ ಮುಖದವನು ಪಿಸುಮಾತಲ್ಲಿ. ಅಲ್ಲಿಂದ ಮುಂದೆ ದಿನವೂ ಅದೇ ಕ್ರಮವಾಯಿತು. ಕ್ಷೌರ ಮುಗಿದ ಮೇಲೂ ಬೆಣ್ಣೆಕೈಯ ಬೆರಳು ಅಲ್ಲೇ ಇರುತ್ತಿತ್ತು, ಅವನ ಕಣ್ಣು ಹಾಳೆಯ ಮೇಲೆ.

ಅವನಿಗೆ ಅದೊಂದು ಬೇರೆ ಲೋಕ. ಕಪ್ಪೆಚಿಪ್ಪುಗಳಲ್ಲಿ ಕಲಸಿಟ್ಟ ಬಣ್ಣ, ಒಂದರ ಮೇಲೊಂದು ಉಗುರಿನಷ್ಟು ತೆಳು ಪದರ. ಕೆನ್ನೆಗೆ ಕೆಂಪು ಬೇಕೆಂದರೆ ಮುಖದವನು ಕೆಂಪು ಹಚ್ಚುತ್ತಿರಲಿಲ್ಲ. ಮೊದಲು ಹಸಿರು ಛಾಯೆ, ಅದರ ಮೇಲೆ ಹಳದಿ, ಆಮೇಲೆ ಕಂಡೂ ಕಾಣದ ಕೆಂಪು. "ಹಸಿರು ಯಾಕೋ? ದೊರೆ ಏನು ಗಿಡವೇ?" ಅಂತ ಬೆಣ್ಣೆಕೈ ಕೇಳಿದರೆ, "ಗದ್ದದ ಕೆಳಗೆ ನೋಡು. ನೀನು ಬೋಳಿಸಿದ ಜಾಗ ಯಾವ ಬಣ್ಣ?" ಅಂತ ಮುಖದವನು. ನೋಡಿದರೆ ನಿಜವಾಗಿಯೂ ಹಸಿರೇ.

ಚಿತ್ರ ಮುಗಿಯುತ್ತ ಬಂದಾಗ ಅದರಲ್ಲಿ ಕಿವಿಯ ಕೆಳಗಿದ್ದ ಒಂದು ಚುಕ್ಕೆ ಬೆಣ್ಣೆಕೈಯ ಕಣ್ಣಿಗೆ ಬಿತ್ತು. ಕಂದು ಬಣ್ಣ, ಸಾಸಿವೆಗಿಂತ ಸಣ್ಣದು. ಅವನು ಮಾಡಿದ ಗಾಯದ ಕಲೆ. "ಅದನ್ನ ಅಳಿಸೋ ಮಾರಾಯ, ನನ್ನ ಮಾನ ಹೋಗುತ್ತೆ," ಅಂತ ಗೋಗರೆದ. ಕುಂಚ ಅತ್ತ ಹೋಗುವಷ್ಟರಲ್ಲಿ ದೊರೆ ಕಣ್ಣು ತೆರೆಯದೆಯೇ ಹೇಳಿದ: "ಇರಲಿ ಬಿಡು. ಅವನೊಬ್ಬನೇ ನನ್ನ ರಕ್ತ ನೋಡಿ ಬದುಕಿರೋನು."

ಆ ಚಿತ್ರವನ್ನು ಸಭೆಗೆ ತೋರಿಸಲಿಲ್ಲ. ದೊರೆ ಅದನ್ನು ಅಂದೇ ತಾನೇ ಎತ್ತಿಕೊಂಡು ರಾಣಿಯ ಕೋಣೆಗೆ ಹೋದ. ಮರುದಿನ ಬೆಣ್ಣೆಕೈ ನೊರೆ ಕಲಕುತ್ತಿದ್ದ, ಕೇಳಲು ಧೈರ್ಯವಿರಲಿಲ್ಲ, ಕೇಳದಿದ್ದರೆ ಊಟ ಸೇರುವಂತಿರಲಿಲ್ಲ. ದೊರೆಗೆ ಅರ್ಥವಾಯಿತು.

"ನೋಡಿದ್ಲು ಕಣೋ. ಬಹಳ ಹೊತ್ತು ನೋಡಿದ್ಲು. ಆಮೇಲೆ, 'ಅವತ್ತು ಈ ಮುಖ ಕಳಿಸಿದ್ದಿದ್ರೆ ನಾನು ಅಷ್ಟು ಹೆದರಿಕೊಂಡು ಬರ್ತಿರಲಿಲ್ಲ' ಅಂದ್ಲು."

ಬೆಣ್ಣೆಕೈ ಬಟ್ಟಲನ್ನು ಹತ್ತಿರ ಎಳೆದುಕೊಂಡ. ನೊರೆ ಹಚ್ಚಿದ.

ಮನೆಗೆ ಬಂದು ಹೆಂಡತಿಗೆ ಹೇಳಿದಾಗ ಅವಳು ಕೈಯಲ್ಲಿದ್ದ ಕೆಲಸ ನಿಲ್ಲಿಸಿದಳು. "ಪಾಪ ಆ ಹೆಣ್ಣುಮಗು. ಎಷ್ಟು ದಿನದ ದಾರಿ ಅಳ್ತಾ ಬಂದಿರಬೇಕು," ಅಂದಳು. ಮತ್ತೆ ಕೆಲಸಕ್ಕೆ ಕೈ ಹಚ್ಚುತ್ತ, "ನೀವು ನನ್ನನ್ನ ನೋಡೋಕೆ ಬಂದಾಗ ನಿಮ್ಮಪ್ಪ ನಿಮ್ಮನ್ನ ಬಾಗಿಲ ಹಿಂದೆ ಕೂರಿಸಿದ್ರು. ಹೊಟ್ಟೆ ಕಾಣಬಾರದು ಅಂತ," ಅಂತಲೂ ಸೇರಿಸಿದಳು.

ವರ್ಷಗಳು ಕಳೆದವು. ಚಿತ್ರಶಾಲೆಯಿಂದ ಹೊರದೇಶಗಳಿಗೆ ತಂದೆಯ ಮುಖ ಹೋಗುತ್ತಲೇ ಇತ್ತು. ಮುದುಕ ಮಾವ ತೀರಿಕೊಂಡ. ಬೆಣ್ಣೆಕೈಗೆ ಒಮ್ಮೆ ಅಂಟಿದ ನೋಡುವ ಚಟ ಬಿಡಲಿಲ್ಲ, ಆದರೆ ನೋಡುವಾಗ ಕೈ ನಿಲ್ಲಿಸಬೇಕು ಅನ್ನುವುದನ್ನು ಮಾತ್ರ ಮರೆಯಲಿಲ್ಲ. ದಿನವೂ ನೋಡುವವನಿಗೆ ಬದಲಾವಣೆ ಕಾಣುವುದಿಲ್ಲ ಅನ್ನುತ್ತಾರೆ; ಇವನಿಗೆ ಕಾಣುತ್ತಿತ್ತು. ದೊರೆಯ ಹಿಂದಿನ ಹಲ್ಲುಗಳು ಉದುರಿದವು. ಕೆನ್ನೆ ಒಳಕ್ಕೆ ಹೋಯಿತು. ಮೂಗಿನ ತುದಿ ಪ್ರತಿ ವರ್ಷ ಒಂದೊಂದು ಎಳ್ಳಿನಷ್ಟು ಕೆಳಗಿಳಿಯಿತು, ಗದ್ದ ಅದನ್ನು ಎದುರುಗೊಳ್ಳಲು ಮುಂದೆ ಬಂತು. ಒಂದು ಬೆಳಿಗ್ಗೆ ಬೆಣ್ಣೆಕೈ ಕತ್ತಿ ಒರೆಸುತ್ತ ನಿಂತುಬಿಟ್ಟ.

"ಮತ್ತೆ ಕಿವಿಯೇನೋ?" ಅಂದ ದೊರೆ.

"ಇಲ್ಲ ಮಹಾಸ್ವಾಮಿ. ಈ ಸಲ ಎಲ್ಲಾ."

ಎರಡೂ ಕನ್ನಡಿ ಮತ್ತೆ ಜೋಡಿಸಿದರು. ಇಬ್ಬರಿಗೂ ವಯಸ್ಸಾಗಿತ್ತು. ಕನ್ನಡಿ ಹಿಡಿದ ಕೈ ತುಸು ಅಲ್ಲಾಡುತ್ತಿತ್ತು, ಆದರೂ ಅದರೊಳಗಿನ ಮುಖ ಯಾರದೆಂದು ಹೇಳಲು ಯಾರೂ ಬೇಕಿರಲಿಲ್ಲ. ಹೊರದೇಶದ ಗೋಡೆಗಳ ಮೇಲೆ ಇಷ್ಟು ವರ್ಷ ಕೂತಿದ್ದ ಮುಖವೇ ಅದು.

ದೊರೆ ಗದ್ದ ಸವರಿಕೊಂಡ. "ಹಾಗಾದ್ರೆ ಆ ಮುದುಕ ಸರಿಯಾಗೇ ಬರೆದಿದ್ದ. ಸ್ವಲ್ಪ ಬೇಗ ಬರೆದ, ಅಷ್ಟೇ."

ಕೈ ನಡುಕ ಹೆಚ್ಚಾದ ಮೇಲೆ ಬೆಣ್ಣೆಕೈ ಕತ್ತಿಯನ್ನು ತನ್ನ ಮಗಳ ಗಂಡನಿಗೆ ಒಪ್ಪಿಸಿದ. ಮನೆಯಲ್ಲಿ ಕೂತರೆ ಲೋಟ ಒಡೆಯುತ್ತಾನೆಂದು ಹೆಂಡತಿಯೇ ಅವನನ್ನು ಬೆಳಿಗ್ಗೆ ಬೆಳಿಗ್ಗೆ ಚಿತ್ರಶಾಲೆಗೆ ಅಟ್ಟುತ್ತಿದ್ದಳು. ಕುಂಚ ಹಿಡಿದು ನೋಡಿದ್ದೂ ಆಯಿತು. ಅವನು ಬರೆದ ಮೂಗನ್ನು ನೋಡಿ ಮುಖದವನು, "ಗೆಣಸು ಚೆನ್ನಾಗಿ ಬಂದಿದೆ," ಅಂದ. ಅಲ್ಲಿಗೆ ಆ ಆಸೆ ಮುಗಿಯಿತು. ಆದರೆ ಅವನಿಗೆ ಬೇರೊಂದು ಕೆಲಸ ಸಿಕ್ಕಿತು. ದೊರೆಯ ನಿಜವಾದ ಚಿತ್ರದ ಸುದ್ದಿ ಹೇಗೋ ಹರಡಿ, ದೊಡ್ಡವರೆಲ್ಲ ತಮ್ಮ ಮುಖವನ್ನೂ ಎದುರು ಕೂತು ಬರೆಸಿಕೊಳ್ಳಲು ಬರುತ್ತಿದ್ದರು. ಯಾರಿಗೂ ಸುಮ್ಮನೆ ಕೂರಲು ಬರುತ್ತಿರಲಿಲ್ಲ.

ಒಂದು ದಿನ ಮುದಿ ದಳಪತಿಯೊಬ್ಬ ಬಂದ. ಮೀಸೆ ತಿರುವುತ್ತಾನೆ, ಎದ್ದು ಹಾಳೆ ನೋಡುತ್ತಾನೆ, ನನ್ನ ಹಣೆ ಇನ್ನೂ ಅಗಲ ಅನ್ನುತ್ತಾನೆ. ಮುಖದವನು ಸೋತು ಬೆಣ್ಣೆಕೈಯ ಕಡೆ ನೋಡಿದ. ಬೆಣ್ಣೆಕೈ ಎದ್ದು ಹೋಗಿ, ನಡುಗುವ ಕೈಯನ್ನು ಒಮ್ಮೆ ಇನ್ನೊಂದರಲ್ಲಿ ಬಿಗಿಹಿಡಿದು ನಿಲ್ಲಿಸಿಕೊಂಡು, ಎರಡು ಬೆರಳನ್ನು ಆ ಗದ್ದದ ಕೆಳಗಿಟ್ಟ. ದಳಪತಿ ಏನೋ ಗದರಲು ಬಾಯಿ ತೆರೆದವನು ಹಾಗೇ ಮುಚ್ಚಿದ. ತಲೆ ಬೆಳಕಿನ ಕಡೆ ತಿರುಗಿತು. ಸ್ವಲ್ಪ ಹೊತ್ತಿಗೆ ಸಣ್ಣಗೆ ಗೊರಕೆ ಕೇಳಿಸಿತು.

"ಗೊರಕೇನೂ ಬರೀಲಾ ಅಣ್ಣಾ?" ಅಂತ ಪಿಸುಗುಟ್ಟಿದ ಮುಖದವನು.

"ಮೊದಲು ಕಿವಿ ಬರಿ," ಅಂದ ಬೆಣ್ಣೆಕೈ. "ಇವರದ್ದು ಬಿಡಿಯಾಗಿದೆ."